ಅವಳು ಮೊದಲು ರೋಗಿ, ಸಾಕ್ಷಿ ಆಮೇಲೆ

ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ ಗಾಳಿ ತುಂಬಿದರೆ ಅದು ಬಿಗಿಯಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಗಮನಿಸುವುದೂ ಇಲ್ಲ. ಆದರೆ ಹಿಂದಿನ ರಾತ್ರಿಯಷ್ಟೇ ಯಾರೋ ಅದೇ ತೋಳನ್ನು ಅದುಮಿ ಹಿಡಿದಿದ್ದರೆ? ಪಟ್ಟಿ ಬಿಗಿಯುತ್ತಿದ್ದಂತೆ ಉಸಿರು ಸಿಕ್ಕಿಕೊಳ್ಳುತ್ತದೆ, ಕಣ್ಣು ಗೋಡೆಯಲ್ಲಿ ನೆಟ್ಟುಹೋಗುತ್ತದೆ, ಮೈ ಬೆವರುತ್ತದೆ. "ಈಗ ಸ್ವಲ್ಪ ಬಿಗಿಯಾಗುತ್ತಮ್ಮ, ಅರ್ಧ ನಿಮಿಷ ಅಷ್ಟೆ. ಬೇಡ ಅನ್ನಿಸಿದರೆ ಕೈ ಎತ್ತಿ, ಆಗಲೇ ತೆಗೆದುಬಿಡುತ್ತೇನೆ" ಎಂದು ನರ್ಸ್ ಮೊದಲೇ ಹೇಳಿದರೆ ಪಟ್ಟಿ ಬರೀ ಪಟ್ಟಿಯಾಗಿಯೇ ಉಳಿಯುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಆರೈಕೆ ಹೇಗಿರಬೇಕು ಎಂಬ ಬಗ್ಗೆ ದಪ್ಪ ದಪ್ಪ ಮಾರ್ಗಸೂಚಿಗಳಿವೆ. ಅವುಗಳ ಮೊದಲ ಪಾಠ ಇಷ್ಟೇ: ಕೇಳಿ ಮುಟ್ಟಬೇಕು.

ಅತ್ಯಾಚಾರ ಎಂದೊಡನೆ ನಮ್ಮ ಮಾತು ದೂರು, ಸಾಕ್ಷ್ಯ, ಶಿಕ್ಷೆಯ ಕಡೆಗೆ ಓಡುತ್ತದೆ. ಅದೆಲ್ಲ ಬೇಕು. ಆ ಓಟದಲ್ಲಿ ಮರೆತುಹೋಗುವುದೆಂದರೆ, ಅಪರಾಧ ನಡೆದದ್ದು ಒಂದು ದೇಹದ ಮೇಲೆ, ಆ ದೇಹಕ್ಕೆ ಈಗಲೇ ಚಿಕಿತ್ಸೆ ಬೇಕು ಎನ್ನುವುದು. ದೂರು ಕೊಡಲಿ, ಬಿಡಲಿ. ಮಾಡಿದವನು ಅಪರಿಚಿತನಾಗಿರಲಿ, ಗಂಡನೇ ಆಗಿರಲಿ. ನಡೆದದ್ದು ನಿನ್ನೆಯಾಗಲಿ, ಇಪ್ಪತ್ತು ವರ್ಷದ ಹಿಂದೆಯೇ ಆಗಲಿ, ಆಸ್ಪತ್ರೆಯ ಬಾಗಿಲಿಗೆ ಬಂದವಳು ಮೊದಲು ರೋಗಿ. ಚಿಕಿತ್ಸೆ ಪಡೆಯಲು ಅವಳು ಯಾರಿಗೂ ಏನನ್ನೂ ಸಾಬೀತು ಮಾಡಬೇಕಾಗಿಲ್ಲ.

ಇದು ಅಪರೂಪದ ಸಂಗತಿಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಜಗತ್ತಿನಲ್ಲಿ ಹೆಚ್ಚುಕಮ್ಮಿ ಮೂವರು ಮಹಿಳೆಯರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಸಂಗಾತಿಯಿಂದ ದೈಹಿಕ ಇಲ್ಲವೇ ಲೈಂಗಿಕ ಹಿಂಸೆಯನ್ನೋ, ಬೇರೆಯವರಿಂದ ಲೈಂಗಿಕ ಹಿಂಸೆಯನ್ನೋ ಅನುಭವಿಸಿದ್ದಾರೆ. ಇದರಲ್ಲಿ ದೊಡ್ಡ ಪಾಲು ಸಂಗಾತಿಯಿಂದಲೇ ಆದದ್ದು. ಕತ್ತಲ ರಸ್ತೆಯಲ್ಲಿ ಹೊಂಚು ಹಾಕುವ ಅಪರಿಚಿತನ ಚಿತ್ರವನ್ನೇ ನಂಬಿ ಕೂತ ವೈದ್ಯರ ಕಣ್ಣಿಗೆ, ಗಂಡನೇ ಪಕ್ಕದಲ್ಲಿ ನಿಂತು ಮಾತಾಡುತ್ತಿರುವಾಗ ತಲೆ ತಗ್ಗಿಸಿ ಕೂತ ರೋಗಿ ಬೀಳುವುದೇ ಇಲ್ಲ.

ಗಡಿಯಾರ ಓಡುತ್ತಿರುವ ಚಿಕಿತ್ಸೆಗಳು

ಕೆಲವು ಚಿಕಿತ್ಸೆಗಳಿಗೆ ಗಡುವಿದೆ. ಎಲ್ಲಕ್ಕಿಂತ ಬಿಗಿಯಾದದ್ದು ಎಚ್‌ಐವಿ ತಡೆಯುವ ಔಷಧದ್ದು. ವೈರಸ್ ದೇಹದ ಒಳಗೆ ಬಂದ ಕೂಡಲೇ ಎಲ್ಲೆಡೆ ಹರಡಿಬಿಡುವುದಿಲ್ಲ. ಮೊದಲು ಒಳಪದರದ ಕೆಲವು ಜೀವಕೋಶಗಳಲ್ಲಿ ಸೇರಿಕೊಂಡು, ಅಲ್ಲಿಂದ ಹತ್ತಿರದ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಸಾಗಿ, ಆಮೇಲೆ ರಕ್ತದಲ್ಲಿ ಬೆರೆಯುತ್ತದೆ. ಈ ಪಯಣಕ್ಕೆ ಕೆಲವು ದಿನ ಹಿಡಿಯುತ್ತದೆ. ಅಷ್ಟರೊಳಗೆ ಔಷಧ ಶುರುವಾದರೆ ವೈರಸ್ ತನ್ನ ನಕಲು ಮಾಡಿಕೊಳ್ಳುವ ದಾರಿ ಮುಚ್ಚುತ್ತದೆ, ಸೋಂಕು ಬೇರೂರುವುದಿಲ್ಲ. ಅದಕ್ಕೇ 72 ಗಂಟೆಯ ಗಡುವು. 72 ಗಂಟೆ ಎಂದರೆ ಮೂರನೇ ದಿನದವರೆಗೂ ಆರಾಮಾಗಿ ಕಾಯಬಹುದು ಎಂದಲ್ಲ. ಒಂದೊಂದು ಗಂಟೆ ತಡವಾದಂತೆ ಫಲ ಕಡಿಮೆಯಾಗುತ್ತದೆ. ಶುರುಮಾಡಿದ ಮೇಲೆ 28 ದಿನ ತಪ್ಪದೆ ನುಂಗಬೇಕು. ವಾಕರಿಕೆ, ಸುಸ್ತು ಬರುವುದುಂಟು. ಮೊದಲೇ ಎಣಿಕೆ ತಪ್ಪಿರುವ ದಿನಗಳಲ್ಲಿ ದಿನವೂ ಆ ಮಾತ್ರೆಯನ್ನು ನೋಡುವುದೆಂದರೆ ಆ ಘಟನೆಯನ್ನು ದಿನವೂ ನೆನೆದಂತೆ. ಹಾಗಾಗಿ ಬಹಳ ಮಂದಿ ನಡುವೆ ಬಿಟ್ಟುಬಿಡುತ್ತಾರೆ. ವಾರಕ್ಕೊಮ್ಮೆ "ಹೇಗಿದ್ದೀರಿ, ಮಾತ್ರೆ ಒಗ್ಗುತ್ತಿದೆಯಾ?" ಎಂದು ಕೇಳುವ ಒಂದು ಫೋನ್ ಕರೆಯೂ ಚಿಕಿತ್ಸೆಯ ಭಾಗವೇ. ಆದರೆ ಯಾವ ನಂಬರಿಗೆ, ಯಾವ ಹೊತ್ತಿಗೆ ಕರೆದರೆ ತೊಂದರೆಯಿಲ್ಲ ಎಂಬುದನ್ನು ಅವಳನ್ನೇ ಕೇಳಿಕೊಂಡಿರಬೇಕು.

ಗರ್ಭ ನಿಲ್ಲದಂತೆ ತಡೆಯಲು ಐದು ದಿನ, ಅಂದರೆ 120 ಗಂಟೆ ಇದೆ. ಸಾಮಾನ್ಯವಾಗಿ ಸಿಗುವ ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಮಾತ್ರೆ ಒಂದೇ ಸಲಕ್ಕೆ ನುಂಗುವಂಥದ್ದು. ಅಂಡಾಣು ಬಿಡುಗಡೆಯಾಗುವುದನ್ನು ಅದು ಮುಂದೂಡುತ್ತದೆ. ಆದ್ದರಿಂದಲೇ ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಯೂಲಿಪ್ರಿಸ್ಟಾಲ್ ಎಂಬ ಇನ್ನೊಂದು ಮಾತ್ರೆ ನಾಲ್ಕನೇ, ಐದನೇ ದಿನದಲ್ಲೂ ಹೆಚ್ಚು ಭರವಸೆ ಕೊಡುತ್ತದೆ. ಎಲ್ಲಕ್ಕಿಂತ ಪರಿಣಾಮಕಾರಿ ಎಂದರೆ ಐದು ದಿನದೊಳಗೆ ಅಳವಡಿಸುವ ಕಾಪರ್-ಟಿ. ಆದರೆ ಇಂಥ ಹೊತ್ತಿನಲ್ಲಿ ಯೋನಿಯೊಳಗೆ ಇನ್ನೊಂದು ಉಪಕರಣ ಹೋಗುವುದನ್ನು ಎಷ್ಟು ಮಂದಿ ತಡೆದುಕೊಳ್ಳಬಲ್ಲರು? ಆ ತೀರ್ಮಾನ ಅವಳದೇ. ತುರ್ತು ಮಾತ್ರೆ ಗರ್ಭಪಾತದ ಮಾತ್ರೆ ಎಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. ಆಗಲೇ ನಿಂತ ಗರ್ಭಕ್ಕೆ ಅದು ಏನೂ ಮಾಡುವುದಿಲ್ಲ. ನುಂಗಿದ ಎರಡು-ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಸಲ ನುಂಗಬೇಕಾಗುತ್ತದೆ. ಅದಕ್ಕೆ ಎಚ್‌ಐವಿ ಮಾತ್ರೆಗಳ ಜೊತೆಗೆ ವಾಂತಿ ತಡೆಯುವ ಮಾತ್ರೆಯನ್ನೂ ಕೊಡುವುದು ಜಾಣತನ. ಇಷ್ಟೆಲ್ಲ ಮಾಡಿಯೂ ಮುಟ್ಟು ತಪ್ಪಿದರೆ ಗರ್ಭಪರೀಕ್ಷೆ ಮಾಡಿಸಬೇಕು. ಗರ್ಭ ನಿಂತಿದ್ದರೆ ಕಾನೂನಿನ ಚೌಕಟ್ಟಿನಲ್ಲಿ ಅವಳಿಗೆ ಇರುವ ದಾರಿಗಳನ್ನೆಲ್ಲ ಬಿಡಿಸಿ ಹೇಳಬೇಕು. ಅದರಲ್ಲಿ ವಾರಗಳನ್ನು ಕಳೆದರೆ ಆಯ್ಕೆಯೇ ಉಳಿಯುವುದಿಲ್ಲ.

ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ, ಗೊನೊರಿಯಾ, ಸಿಫಿಲಿಸ್, ಟ್ರೈಕೊಮೊನಾಸ್ ಸೋಂಕುಗಳಿಗೆ ಪರೀಕ್ಷೆಯ ವರದಿ ಬರಲಿ ಎಂದು ಕಾಯದೆ ಆಂಟಿಬಯೋಟಿಕ್ ಕೊಡುವುದು ರೂಢಿ. ಮೊದಲ ದಿನವೇ ಪರೀಕ್ಷೆ ಮಾಡಿದರೆ ಸೋಂಕು ಕಾಣದೇ ಹೋಗಬಹುದು, ಮತ್ತೆ ಅವಳು ಬರುತ್ತಾಳೋ ಇಲ್ಲವೋ ಹೇಳಲಾಗುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆ ಹಿಂದೆ ಆಗಿಲ್ಲದಿದ್ದರೆ 14 ದಿನದೊಳಗೆ ಮೊದಲ ಡೋಸ್ ಹಾಕುತ್ತಾರೆ. ಗಾಯಕ್ಕೆ ಮಣ್ಣು ಮುಟ್ಟಿದ್ದರೆ ಟೆಟನಸ್ ಚುಚ್ಚುಮದ್ದು.

ಇನ್ನೊಂದು ಪ್ರಶ್ನೆಯನ್ನು ಬಹಳ ಕಡೆ ಕೇಳುವುದೇ ಇಲ್ಲ, ಕೇಳಲೇಬೇಕು: "ಅವನು ನಿಮ್ಮ ಕತ್ತು ಹಿಸುಕಿದನಾ?" ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು ಒತ್ತಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪಬಹುದು. ಹೊರಗೆ ಒಂದು ಗೀರೂ ಕಾಣದಿರಬಹುದು. ಒಳಗೆ ಮಾತ್ರ ರಕ್ತನಾಳದ ಪದರ ಸೀಳಿ, ಅಲ್ಲಿ ಹೆಪ್ಪುಗಟ್ಟಿದ ರಕ್ತ ದಿನಗಳ ಮೇಲೆ ಮಿದುಳಿಗೆ ಸಾಗಿ ಪಾರ್ಶ್ವವಾಯು ತರಬಹುದು. ದನಿ ಗೊಗ್ಗರಾಗಿದೆಯೇ, ನುಂಗುವಾಗ ನೋಯುತ್ತದೆಯೇ, ಕಣ್ಣಿನ ಬಿಳಿಯಲ್ಲಿ, ರೆಪ್ಪೆಯ ಒಳಗೆ ಕೆಂಪು ಚುಕ್ಕೆಗಳಿವೆಯೇ, ಆ ಹೊತ್ತಿನಲ್ಲಿ ಅರಿವಿಲ್ಲದೆ ಮೂತ್ರ ಹೋಗಿತ್ತೇ? ಇದರಲ್ಲಿ ಒಂದಕ್ಕೆ ಹೌದು ಎಂದರೂ ಅದು ತುರ್ತು ಪ್ರಕರಣ, ಮನೆಗೆ ಕಳಿಸುವಂತಿಲ್ಲ. ಹಿಂಸೆ ಮಾಡುವ ಸಂಗಾತಿ ಒಮ್ಮೆ ಕತ್ತಿಗೆ ಕೈ ಹಾಕಿದನೆಂದರೆ ಮುಂದೆ ಕೊಲೆಯ ಅಪಾಯವೂ ಹೆಚ್ಚು. ಹಾಗಾಗಿ ಇದು ಕತ್ತಿನ ಪ್ರಶ್ನೆ ಮಾತ್ರವಲ್ಲ, ಅವಳು ಇವತ್ತು ರಾತ್ರಿ ಎಲ್ಲಿ ಮಲಗುತ್ತಾಳೆ ಎಂಬ ಪ್ರಶ್ನೆಯೂ ಹೌದು.

ಪರೀಕ್ಷೆಯ ಕೋಣೆಯಲ್ಲಿ

ಸಾಕ್ಷ್ಯ ಸಂಗ್ರಹ ಚಿಕಿತ್ಸೆಯ ಜೊತೆಜೊತೆಗೇ ನಡೆಯಬಹುದಾದ ಕೆಲಸ, ಅವಳು ಒಪ್ಪಿದರೆ. ಸರಿಯಾಗಿ ಮಾಡಿದಾಗ ಅದು ಹೀಗಿರುತ್ತದೆ: ನೆಲದ ಮೇಲೆ ಶುಭ್ರವಾದ ದೊಡ್ಡ ಕಾಗದದ ಹಾಳೆ ಹಾಸಿ ಅದರ ಮೇಲೆ ನಿಂತು ಬಟ್ಟೆ ತೆಗೆಯಲು ಹೇಳುತ್ತಾರೆ, ಉದುರಿದ ಕೂದಲು, ನೂಲು, ಮಣ್ಣು ಆ ಹಾಳೆಯಲ್ಲೇ ಉಳಿಯಲಿ ಎಂದು. ಒಂದೊಂದು ಬಟ್ಟೆಯನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿ ಹಾಕುತ್ತಾರೆ. ಪ್ಲಾಸ್ಟಿಕ್ ಚೀಲ ಆಗದು. ಒಳಗೆ ತೇವ ಕಟ್ಟಿಕೊಂಡು ಬೂಸ್ಟು ಬಂದರೆ ಡಿಎನ್‌ಎ ಹಾಳಾಗುತ್ತದೆ. ಮೈಯನ್ನು ಒಂದೇ ಸಲಕ್ಕೆ ಪೂರ್ತಿ ಬಯಲು ಮಾಡುವುದಿಲ್ಲ. ಮೇಲಿನ ಭಾಗ ನೋಡುವಾಗ ಕೆಳಗಿನದು ಮುಚ್ಚಿರುತ್ತದೆ, ಕೆಳಗಿನದು ನೋಡುವಾಗ ಮೇಲಿನದು. ಹತ್ತಿ ಸುತ್ತಿದ ಕಡ್ಡಿಯನ್ನು ಮೊದಲು ತೋರಿಸಿ, ಎಲ್ಲಿ, ಯಾಕೆ ಒರೆಸುತ್ತೇವೆಂದು ಹೇಳಿ, ಆಮೇಲೆ ಮುಟ್ಟುತ್ತಾರೆ. ಅರ್ಧದಲ್ಲಿ "ಸಾಕು" ಎಂದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಒಂದು ಪರೀಕ್ಷೆಗೆ ಒಪ್ಪಿ ಇನ್ನೊಂದನ್ನು ಬೇಡ ಎನ್ನಬಹುದು. ಬೇಡ ಎಂದದ್ದಕ್ಕೆ ಔಷಧ ನಿಲ್ಲಿಸುವ ಹಕ್ಕು ಯಾರಿಗೂ ಇಲ್ಲ.

ಹಿಂದಿನ ದಿನ ಅವಳ ದೇಹದ ಮೇಲೆ ಅವಳ ಮಾತು ನಡೆದಿರಲಿಲ್ಲ. ಇವತ್ತು ಈ ಕೋಣೆಯಲ್ಲಿ "ಬೇಡ" ಎಂದರೆ ಕೈ ಹಿಂದೆ ಸರಿಯುತ್ತದೆ. ನನ್ನ ಪ್ರಕಾರ ಇಡೀ ಆರೈಕೆಯಲ್ಲಿ ಇದಕ್ಕಿಂತ ದೊಡ್ಡ ಮದ್ದಿಲ್ಲ.

ಸ್ನಾನ ಮಾಡದೆ, ಬಟ್ಟೆ ಬದಲಿಸದೆ ಬಂದರೆ ಸಾಕ್ಷ್ಯ ಹೆಚ್ಚು ಸಿಗುತ್ತದೆ ಎಂಬುದು ನಿಜ. ಆದರೆ ಮೈಗೆ ಅಂಟಿದ್ದನ್ನು ತಿಕ್ಕಿ ತಿಕ್ಕಿ ತೊಳೆಯಬೇಕು ಅನ್ನಿಸುವುದು ಸಹಜ, ಬಹಳ ಮಂದಿ ತೊಳೆದೇ ಬಂದಿರುತ್ತಾರೆ. "ಅಯ್ಯೋ, ಸ್ನಾನ ಮಾಡಿಬಿಟ್ಟಿರಾ?" ಎಂಬ ಉದ್ಗಾರ ಅವಳ ತಲೆಯ ಮೇಲೆ ಇನ್ನೊಂದು ತಪ್ಪನ್ನು ಹೇರಿದಂತೆ. ತೊಳೆದಿದ್ದರೂ ಬರಬೇಕು, ತಡವಾಗಿದ್ದರೂ ಬರಬೇಕು. ನೆನಪೇ ಮಸುಕಾಗಿದ್ದು, ಏನನ್ನೋ ಕುಡಿಸಿರಬಹುದೆಂಬ ಅನುಮಾನ ಇದ್ದರೆ ಮೂತ್ರದ ಮಾದರಿಯನ್ನು ಆದಷ್ಟು ಬೇಗ ಕೊಡಬೇಕು, ಅಂಥ ಔಷಧಗಳು ದೇಹದಿಂದ ಬೇಗ ಹೊರಟುಹೋಗುತ್ತವೆ.

ಗಾಯವಿಲ್ಲದಿದ್ದರೆ? ಅತ್ಯಾಚಾರಕ್ಕೆ ಒಳಗಾದ ಬಹಳಷ್ಟು ಹೆಂಗಸರ ಜನನಾಂಗದಲ್ಲಿ ಕಣ್ಣಿಗೆ ಕಾಣುವ ಗಾಯ ಇರುವುದೇ ಇಲ್ಲ. ಅಲ್ಲಿನ ಒಳಪದರ ಹಿಗ್ಗುವಂಥದ್ದು, ರಕ್ತ ಸಂಚಾರ ಚೆನ್ನಾಗಿರುವಂಥದ್ದು. ಚಿಕ್ಕ ತರಚು ದಿನಗಳಲ್ಲೇ ಮಾಯುತ್ತದೆ. ಗಾಯ ಇಲ್ಲ ಎಂದರೆ ಒಪ್ಪಿಗೆ ಇತ್ತು ಎಂದಲ್ಲ, ಏನೂ ನಡೆದಿಲ್ಲ ಎಂದೂ ಅಲ್ಲ. ಕನ್ಯಾಪೊರೆಯ ಕಥೆಯೂ ಇದೇ. ಅದು ಸೀಲು ಹಾಕಿದ ಮುಚ್ಚಳವಲ್ಲ. ಒಬ್ಬೊಬ್ಬರಲ್ಲಿ ಒಂದೊಂದು ಆಕಾರದಲ್ಲಿರುವ, ಹಿಗ್ಗುವ ಅಂಗಾಂಶ ಅಷ್ಟೆ. ಅದನ್ನು ನೋಡಿ ಲೈಂಗಿಕ ಇತಿಹಾಸ ಹೇಳಲು ಯಾರಿಗೂ ಸಾಧ್ಯವಿಲ್ಲ. ಎರಡು ಬೆರಳು ಹಾಕಿ ನೋಡುವ ಪರೀಕ್ಷೆಗೆ ವೈಜ್ಞಾನಿಕ ಆಧಾರವೇ ಇಲ್ಲ, ಅದು ಮಾನವ ಹಕ್ಕಿನ ಉಲ್ಲಂಘನೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಸಂಸ್ಥೆಗಳು 2018ರಲ್ಲಿ ಒಟ್ಟಾಗಿ ಸಾರಿ, ಎಲ್ಲ ಕಡೆ ನಿಲ್ಲಿಸಲು ಕರೆ ಕೊಟ್ಟವು. ಅದನ್ನು ಪರೀಕ್ಷೆ ಎಂದು ಕರೆಯುವುದಕ್ಕೇ ನನಗೆ ಮನಸ್ಸಾಗುವುದಿಲ್ಲ. ಅದು ಇನ್ನೊಂದು ಆಕ್ರಮಣ.

"ಯಾಕೆ ಕೂಗಲಿಲ್ಲ?"

ಮನೆಯವರು, ನೆರೆಯವರು, ಕೆಲವೊಮ್ಮೆ ವೈದ್ಯರೂ ಕೇಳುವ ಪ್ರಶ್ನೆ ಇದು. ಅವಳು ತನ್ನನ್ನೇ ವರ್ಷಗಟ್ಟಲೆ ಕೇಳಿಕೊಳ್ಳುವ ಪ್ರಶ್ನೆಯೂ ಹೌದು. ಉತ್ತರ ಮಿದುಳಿನಲ್ಲಿದೆ.

ಅಪಾಯ ಎದುರಾದಾಗ ದೇಹ ಹೊಡೆದಾಡಲು ಇಲ್ಲವೇ ಓಡಲು ಅಣಿಯಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಮೂರನೆಯದೊಂದಿದೆ. ಹೊಡೆದಾಡಿ ಗೆಲ್ಲಲಾಗದು, ಓಡಲೂ ದಾರಿಯಿಲ್ಲ ಎಂದು ಮಿದುಳಿನ ಆಳದ ಭಾಗಗಳು ಕ್ಷಣಾರ್ಧದಲ್ಲಿ ಲೆಕ್ಕ ಹಾಕಿದಾಗ ಮೈ ಕಲ್ಲಾಗಿಬಿಡುತ್ತದೆ. ಕೈಕಾಲು ಆಡದು, ಗಂಟಲಿನಿಂದ ದನಿ ಹೊರಡದು. ಎಚ್ಚರ ಮಾತ್ರ ಇರುತ್ತದೆ. ಬೇಟೆಗಾರ ಪ್ರಾಣಿಯ ಬಾಯಿಗೆ ಸಿಕ್ಕ ಎಷ್ಟೋ ಜೀವಿಗಳಲ್ಲೂ ಇದನ್ನು ನೋಡಬಹುದು. ಇದು ಅಂಜುಬುರುಕತನವಲ್ಲ, ಒಪ್ಪಿಗೆಯಂತೂ ಅಲ್ಲವೇ ಅಲ್ಲ. ಕಣ್ಣಿಗೆ ಧೂಳು ಬಿದ್ದಾಗ ರೆಪ್ಪೆ ಮುಚ್ಚುವಂತೆ, ತಾನಾಗಿ ಆಗುವಂಥದ್ದು. ಸ್ಟಾಕ್‌ಹೋಮ್‌ನ ಅತ್ಯಾಚಾರ ಸಂತ್ರಸ್ತರ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಮಹಿಳೆಯರನ್ನು ಮಾತಾಡಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 70 ಮಂದಿಗೆ ಗಮನಾರ್ಹ ಮಟ್ಟದಲ್ಲಿ ಹೀಗೆ ಮೈ ಕಲ್ಲಾಗಿತ್ತು, 48 ಮಂದಿಗೆ ತೀವ್ರವಾಗಿ. ಹಾಗಾದವರಲ್ಲಿ ಆರು ತಿಂಗಳ ಮೇಲೆ ಖಿನ್ನತೆ, ಆಘಾತದ ನಂತರ ಮನಸ್ಸನ್ನು ಕಾಡುವ ಆಘಾತದ ಕಾಯಿಲೆ (ಪಿಟಿಎಸ್‌ಡಿ) ಹೆಚ್ಚು ಕಂಡುಬಂತು. ಕೂಗದವಳಿಗೆ ಆಗಿರುವ ಪೆಟ್ಟು ಕಡಿಮೆ ಎಂದು ನಾವು ಭಾವಿಸುತ್ತೇವಲ್ಲ, ಇರುವುದು ಅದರ ತದ್ವಿರುದ್ಧ.

ನೆನಪಿನ ವಿಷಯವೂ ಹೀಗೆಯೇ. ವಿಪರೀತ ಭಯದಲ್ಲಿ ಮಿದುಳಿನ ಅಮಿಗ್ಡಲ ಎಂಬ ಭಾಗ ಜೋರಾಗಿ ಕೆಲಸ ಮಾಡುತ್ತದೆ. ಘಟನೆಗಳನ್ನು ಹೊತ್ತು, ಜಾಗ, ಕ್ರಮದ ಜೊತೆ ಪೋಣಿಸಿಡುವ ಹಿಪೊಕ್ಯಾಂಪಸ್ ಎಡವುತ್ತದೆ. ಹಾಗಾಗಿ ಅವನ ಬೆವರಿನ ವಾಸನೆ, ಗೋಡೆಯ ಮೇಲಿನ ಬಿರುಕು ಕಣ್ಣಿಗೆ ಕಟ್ಟಿದಂತೆ ಉಳಿಯುತ್ತದೆ. ಮೊದಲು ಯಾವುದಾಯಿತು, ಆಮೇಲೆ ಏನಾಯಿತು ಎಂಬುದು ಕಲಸಿಹೋಗುತ್ತದೆ. ಇವತ್ತು ಒಂದು ಕ್ರಮದಲ್ಲಿ ಹೇಳಿ ನಾಳೆ ಇನ್ನೊಂದು ಚೂರು ನೆನಪಾಗಿ ಸೇರಿಸಿದರೆ ಸುಳ್ಳು ಎಂದು ತೀರ್ಮಾನಿಸುವವರಿಗೆ ಈ ಅಂಗರಚನೆ ಗೊತ್ತಿರಬೇಕು.

ಅಳದಿರುವುದೂ ಅನುಮಾನಕ್ಕೆ ಕಾರಣವಾಗುತ್ತದೆ. ನರ್ಸ್ ಆಗಿದ್ದ ಆನ್ ಬರ್ಜೆಸ್ ಮತ್ತು ಸಮಾಜಶಾಸ್ತ್ರಜ್ಞೆ ಲಿಂಡಾ ಹೋಮ್‌ಸ್ಟ್ರಾಮ್, ಬಾಸ್ಟನ್ ಸಿಟಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಅತ್ಯಾಚಾರಕ್ಕೊಳಗಾಗಿ ಬಂದವರನ್ನೆಲ್ಲ ಮಾತಾಡಿಸಿ 1974ರಲ್ಲಿ ಬರೆದ ಪ್ರಬಂಧದಿಂದಲೇ ಈ ವಿಷಯ ವೈದ್ಯಲೋಕದಲ್ಲಿ ಗಟ್ಟಿಯಾಗಿ ನಿಂತಿತು. ಬಂದವರಲ್ಲಿ ಕೆಲವರು ಅತ್ತರು, ನಡುಗಿದರು, ಕಾರಣವಿಲ್ಲದೆ ನಕ್ಕರು. ಹೆಚ್ಚುಕಮ್ಮಿ ಅಷ್ಟೇ ಮಂದಿ ಏನೂ ಆಗದವರಂತೆ ಸುಮ್ಮನೆ, ತಣ್ಣಗೆ ಕೂತಿದ್ದರು. ಆ ತಣ್ಣಗಿನ ಮುಖವೂ ಆಘಾತದ್ದೇ.

ವಾರಗಳು, ತಿಂಗಳುಗಳು

ಮೊದಲ ವಾರಗಳಲ್ಲಿ ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಊಟ ಸೇರದಿರುವುದು, ಅದೇ ದೃಶ್ಯ ಮತ್ತೆ ಮತ್ತೆ ಕಣ್ಮುಂದೆ ಬರುವುದು, ತಾನು ಗಾಜಿನ ಆಚೆ ಇದ್ದೇನೆ ಅನ್ನಿಸುವುದು ಬಹುತೇಕ ಎಲ್ಲರಿಗೂ ಆಗುವಂಥದ್ದು. 1992ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ 95 ಮಹಿಳೆಯರನ್ನು ವಾರವಾರವೂ ಗಮನಿಸಿತು. ಅತ್ಯಾಚಾರವಾಗಿ ಸರಾಸರಿ 12 ದಿನವಾದಾಗ ನೂರಕ್ಕೆ 94 ಮಂದಿಯಲ್ಲಿ ಆಘಾತದ ಕಾಯಿಲೆಯ ಲಕ್ಷಣಗಳಿದ್ದವು. ಮೂರು ತಿಂಗಳು ಕಳೆದಾಗ 47. ಈ ಎರಡು ಅಂಕಿಗಳನ್ನು ಜೊತೆಯಲ್ಲೇ ಓದಬೇಕು. ಅರ್ಧದಷ್ಟು ಮಂದಿಯ ಮನಸ್ಸು ತಾನಾಗಿ ಚೇತರಿಸಿಕೊಳ್ಳುತ್ತದೆ ಎಂಬುದು ಒಂದು. ಉಳಿದರ್ಧಕ್ಕೆ "ಕಾಲವೇ ಎಲ್ಲಕ್ಕೂ ಮದ್ದು" ಎಂದು ಕೈತೊಳೆದುಕೊಳ್ಳುವುದು ಅನ್ಯಾಯ ಎಂಬುದು ಇನ್ನೊಂದು.

ಮೊದಲ ದಿನಗಳಲ್ಲಿ ಏನು ಮಾಡಬಾರದು ಎಂಬುದರ ಬಗ್ಗೆ ಈಗ ಸ್ಪಷ್ಟತೆ ಇದೆ. ನಡೆದದ್ದನ್ನೆಲ್ಲ ಕೂಡಲೇ ಬಾಯಿಬಿಟ್ಟು ಹೇಳಿಸಿ "ಮನಸ್ಸು ಹಗುರ" ಮಾಡಿಸುವ ಒಂದು ಸಲದ ಕೂಟವನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಲಾಭವಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು. ನಿದ್ದೆ ಬರಲೆಂದು ಡಯಾಜೆಪಾಮ್‌ನಂಥ ಮಾತ್ರೆ ಬರೆದುಕೊಡುವುದನ್ನೂ ಮೊದಲ ತಿಂಗಳಲ್ಲಿ ಬೇಡ ಎನ್ನುತ್ತದೆ. ಬೇಕಾಗಿರುವುದು ಇದಕ್ಕಿಂತ ಸರಳ, ಹಾಗಾಗಿಯೇ ಕಷ್ಟ. ಅವಳು ಹೇಳಿದಷ್ಟನ್ನು ನಡುವೆ ಬಾಯಿ ಹಾಕದೆ ಕೇಳುವುದು. ಈಗ ಏನು ಬೇಕು ಎಂದು ವಿಚಾರಿಸುವುದು. "ನಿಮ್ಮ ತಪ್ಪಲ್ಲ, ನೀವು ಹೇಳುವುದನ್ನು ನಾನು ನಂಬುತ್ತೇನೆ" ಎನ್ನುವುದು. ಮನೆಗೆ ಹೋದರೆ ಅಪಾಯ ಇದೆಯೇ ಎಂದು ಜೊತೆಗೂಡಿ ಯೋಚಿಸುವುದು. ಮುಂದಿನ ನೆರವಿನ ಜಾಗಕ್ಕೆ ಬರೀ ಚೀಟಿ ಕೊಡದೆ ಕೈಹಿಡಿದು ತಲುಪಿಸುವುದು. ಸಾಯಬೇಕು ಅನ್ನಿಸುತ್ತಿದೆಯೇ ಎಂದು ನೇರವಾಗಿಯೇ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ.

ತಿಂಗಳುಗಳಾದರೂ ಲಕ್ಷಣಗಳು ಉಳಿದವೆಂದರೆ ಫಲ ಕೊಡುವ ಚಿಕಿತ್ಸೆಗಳಿವೆ. ತರಬೇತಾದ ಚಿಕಿತ್ಸಕರ ಜೊತೆ, ತನ್ನ ವೇಗದಲ್ಲಿ, ಆ ನೆನಪನ್ನು ಮತ್ತೆ ಮುಟ್ಟಿ ಅದರ ವಿಷವನ್ನು ಇಳಿಸುವ ಬಗೆ ಒಂದು. "ನಾನೇ ಅವನನ್ನು ನಂಬಿ ಹೋದೆ, ನನ್ನದೇ ತಪ್ಪು" ಎಂಬಂಥ ಗಂಟುಗಳನ್ನು ಒಂದೊಂದಾಗಿ ಬಿಡಿಸಿ ಪರಿಶೀಲಿಸುವ ಬಗೆ ಇನ್ನೊಂದು. ಕಣ್ಣಿನ ಚಲನೆಯನ್ನು ಬಳಸುವ ಇಎಮ್‌ಡಿಆರ್ ಎಂಬುದೂ ಇದೆ. ಇದೆಲ್ಲ ದೊಡ್ಡ ಆಸ್ಪತ್ರೆಗಳ ಮಾತು ಎನ್ನುವವರಿಗೆ ಪೂರ್ವ ಕಾಂಗೋದ ಉದಾಹರಣೆ ಇದೆ. ಯುದ್ಧದಿಂದ ಜರ್ಜರಿತವಾದ ಆ ಪ್ರದೇಶದ ಹಳ್ಳಿಗಳಲ್ಲಿ, ಹೆಚ್ಚು ಓದಿರದ ಸ್ಥಳೀಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಗುಂಪು ಚಿಕಿತ್ಸೆ ನಡೆಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಚಿಕಿತ್ಸೆ ಮುಗಿದು ಆರು ತಿಂಗಳಾದಾಗ ಗುಂಪು ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 9 ಮಂದಿಗೆ ಮಾತ್ರ ಖಿನ್ನತೆ ಇಲ್ಲವೇ ಆತಂಕದ ಕಾಯಿಲೆ ಉಳಿದಿತ್ತು. ಬರೀ ವೈಯಕ್ತಿಕ ಬೆಂಬಲ ಪಡೆದವರಲ್ಲಿ 42 ಮಂದಿಗೆ.

ಅದೇ ಕಾಂಗೋದ ಬುಕಾವು ಪಟ್ಟಣದಲ್ಲಿ ಸ್ತ್ರೀರೋಗ ತಜ್ಞ ಡೆನಿಸ್ ಮುಕ್ವೆಗೆ 1999ರಲ್ಲಿ ಪಾಂಜಿ ಆಸ್ಪತ್ರೆ ಕಟ್ಟಿದರು. ಹೆರಿಗೆಗಳಿಗೆಂದು ಶುರುವಾದ ಆಸ್ಪತ್ರೆಗೆ ಬರತೊಡಗಿದವರು ಯುದ್ಧದ ಅತ್ಯಾಚಾರಗಳಿಂದ ಒಳಾಂಗಗಳೇ ಹರಿದುಹೋದ ಹೆಂಗಸರು. ಯೋನಿಗೂ ಮೂತ್ರಕೋಶಕ್ಕೂ ಅಥವಾ ಗುದನಾಳಕ್ಕೂ ನಡುವೆ ತೂತಾಗಿ ಮೂತ್ರ, ಮಲ ಸೋರುತ್ತಲೇ ಇರುವ ಫಿಸ್ಟುಲಾ ಎಂಬ ಸ್ಥಿತಿಯನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಆದರೆ ಹೊಲಿಗೆ ಹಾಕಿ ಕಳಿಸಿದರೆ ಅವಳು ಹೋಗುವುದೆಲ್ಲಿಗೆ? ಈ ಪ್ರಶ್ನೆಯಿಂದಲೇ ಅಲ್ಲಿ ವೈದ್ಯಕೀಯ ಆರೈಕೆ, ಮಾನಸಿಕ ಆರೈಕೆ, ಕಾನೂನು ನೆರವು, ದುಡಿದು ಬದುಕುವ ದಾರಿ ನಾಲ್ಕೂ ಒಂದೇ ಸೂರಿನಡಿ ಬಂದವು. 2018ರ ನೊಬೆಲ್ ಶಾಂತಿ ಪ್ರಶಸ್ತಿ ಮುಕ್ವೆಗೆ ಮತ್ತು ತಾನೇ ಸಂತ್ರಸ್ತೆಯಾಗಿ ದನಿಯೆತ್ತಿದ ನಾದಿಯಾ ಮುರಾದ್ ಇಬ್ಬರಿಗೂ ಸಂದಿತು.

ವರ್ಷಗಳ ಮೇಲೆ ಬರುವ ನೋವು

ಹೆಚ್ಚಿನವರು ಮೊದಲ ದಿನ ಆಸ್ಪತ್ರೆಗೆ ಬರುವುದೇ ಇಲ್ಲ. ವರ್ಷಗಳ ಮೇಲೆ, ಬೇರೆ ಹೆಸರಿನಲ್ಲಿ ಬರುತ್ತಾರೆ. ಕಿಬ್ಬೊಟ್ಟೆ ನೋವು, ಸ್ಕ್ಯಾನಿಂಗ್ ಎಲ್ಲ ಸರಿ. ಸದಾ ತಲೆನೋವು. ಹೊಟ್ಟೆ ಕೆಡುವುದು, ಕಟ್ಟುವುದು, ಮತ್ತೆ ಕೆಡುವುದು. ಸಂಭೋಗದ ಹೊತ್ತಿಗೆ ತಡೆಯಲಾಗದ ನೋವು. ವೈದ್ಯರಿಂದ ವೈದ್ಯರಿಗೆ ಅಲೆದು ಫೈಲು ದಪ್ಪವಾಗುತ್ತದೆ. "ಏನೂ ಇಲ್ಲ, ಎಲ್ಲ ನಿಮ್ಮ ಮನಸ್ಸಿನಲ್ಲಿದೆ" ಎಂಬ ಮಾತು ಕೇಳಿ ಅವಳಿಗೂ ಸಾಕಾಗಿರುತ್ತದೆ.

ನೋವು ಕಲ್ಪನೆಯಲ್ಲ. ಭಯವಾದಾಗ ಭುಜ ಬಿಗಿಯುವಂತೆ ಕಿಬ್ಬೊಟ್ಟೆಯ ತಳದ ಸ್ನಾಯುಗಳೂ ಬಿಗಿಯುತ್ತವೆ. ಅಪಾಯ ಮುಗಿದರೂ ಆ ಬಿಗಿತ ಸಡಿಲವಾಗದೆ ಉಳಿದರೆ ಸ್ನಾಯುವೇ ನೋಯತೊಡಗುತ್ತದೆ. ಸದಾ ಕಾವಲು ಕಾಯುವ ನರಮಂಡಲ ಸಾಧಾರಣ ಸಂಕೇತವನ್ನೂ ನೋವೆಂದು ಓದುತ್ತದೆ, ಕರುಳಿನ ಚಲನೆಯೂ ಅದೇ ನರಗಳ ಹಿಡಿತದಲ್ಲಿದೆ. ಈ ಸ್ನಾಯುಗಳನ್ನು ಸಡಿಲಿಸಲು ಕಲಿಸುವ ಫಿಸಿಯೋಥೆರಪಿ ಇದೆ, ಮಾತಿನ ಚಿಕಿತ್ಸೆಯ ಜೊತೆಗೆ ಅದು ಒಳ್ಳೆಯ ಫಲ ಕೊಡುತ್ತದೆ. ಆದರೆ ಕಾರಣ ಗೊತ್ತಾಗಬೇಕಾದರೆ ಯಾರಾದರೂ ಕೇಳಬೇಕು. ಅದೂ ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಬಾಗಿಲು ಮುಚ್ಚಿ.

ಸಂಗಾತಿಯಲ್ಲದವರಿಂದ ಲೈಂಗಿಕ ಹಿಂಸೆಗೆ ಒಳಗಾದ ಮಹಿಳೆಯರಲ್ಲಿ ಖಿನ್ನತೆ ಅಥವಾ ಆತಂಕ 2.6 ಪಟ್ಟು, ಮದ್ಯದ ಚಟದ ತೊಂದರೆ 2.3 ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಲೆಕ್ಕ ಹಾಕಿತ್ತು. ಸಂಗಾತಿಯಿಂದಲೇ ಹಿಂಸೆ ಅನುಭವಿಸುವವರಲ್ಲಿ ಕಡಿಮೆ ತೂಕದ ಮಗು ಹುಟ್ಟುವ ಸಾಧ್ಯತೆ ನೂರಕ್ಕೆ 16ರಷ್ಟು ಹೆಚ್ಚು, ಕೆಲವು ಪ್ರದೇಶಗಳಲ್ಲಿ ಎಚ್‌ಐವಿ ತಗಲುವ ಸಾಧ್ಯತೆ ಒಂದೂವರೆ ಪಟ್ಟು. ಕಾಂಡೋಮ್ ಹಾಕು ಎನ್ನಲು ಆಗದ ಮನೆಯಲ್ಲಿ ಗರ್ಭವೂ ಸೋಂಕೂ ಅವಳ ಕೈಮೀರಿದ ಸಂಗತಿಗಳು. ಅಂಥವಳಿಗೆ ಗಂಡನಿಗೆ ತಿಳಿಯದಂತೆ ಬಳಸಬಹುದಾದ ಗರ್ಭನಿರೋಧಕ ಯಾವುದೆಂದು ಹೇಳಿಕೊಡುವುದೂ ಹಿಂಸೆಯ ಆರೈಕೆಯೇ.

ಹೆರಿಗೆ ಕೋಣೆಯ ಮಾತು ಇಲ್ಲಿ ಹೇಳಲೇಬೇಕು. ಕಾಲು ಅಗಲಿಸಿ ಮಲಗಿಸುವುದು, ಕೇಳದೆ ಒಳಗೆ ಕೈ ಹಾಕಿ ನೋಡುವುದು, "ಸುಮ್ಮನಿರು, ಏನೂ ಆಗಲ್ಲ" ಎಂಬ ಗದರಿಕೆ. ಹಿಂದೆ ಅತ್ಯಾಚಾರ ಅನುಭವಿಸಿದವಳಿಗೆ ಈ ಮಾತುಗಳು ಅವನ ಬಾಯಿಂದಲೇ ಬಂದಂತೆ ಕೇಳಬಹುದು. ಅವಳು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ಸೂರನ್ನೇ ನೋಡುತ್ತಿದ್ದರೆ ದಾದಿ ಒಂದು ಕ್ಷಣ ಕೈ ಹಿಂದೆಗೆದು, ಹೆಸರು ಹಿಡಿದು ಕರೆದು, "ನೀವು ಆಸ್ಪತ್ರೆಯಲ್ಲಿದ್ದೀರಿ, ನಾನು ದಾದಿ. ಕೋಣೆಯಲ್ಲಿ ಏನೇನು ಕಾಣುತ್ತಿದೆ, ಐದು ವಸ್ತು ಹೇಳಿ ನೋಡೋಣ" ಎಂದರೆ ಸಾಕು. ಗಡಿಯಾರ, ಕಿಟಕಿ, ಹಸಿರು ಪರದೆ ಎಂದು ಎಣಿಸುತ್ತ ಎಣಿಸುತ್ತ ಮನಸ್ಸು ಇವತ್ತಿಗೆ ಮರಳುತ್ತದೆ. ಎದುರಿಗೆ ಇರುವವಳಿಗೆ ಹಿಂದೆ ಏನಾಗಿದೆಯೋ ಗೊತ್ತಿರುವುದಿಲ್ಲವಾದ್ದರಿಂದ ಈ ನಯವನ್ನು ಎಲ್ಲ ಹೆಂಗಸರಿಗೂ ತೋರಿಸುವುದೇ ಸರಿ.

ಒಳಪರೀಕ್ಷೆಯ ಹೆದರಿಕೆಯಿಂದ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನೇ ತಪ್ಪಿಸಿಕೊಳ್ಳುವವರು ಬಹಳ. ಅವರಿಗೆ ಈಗ ಬೇರೆ ದಾರಿ ಇದೆ. ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ ಪತ್ತೆಗೆ ಬೇಕಾದ ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಳ್ಳಬಹುದು, ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಒಪ್ಪಿದೆ. ಮೆತ್ತನೆಯ ಸಣ್ಣ ಕಡ್ಡಿಯನ್ನು ತೆಗೆದುಕೊಂಡು, ಬಾಗಿಲು ಹಾಕಿಕೊಂಡು, ಯೋನಿಯೊಳಗೆ ಕೆಲವು ಬೆರಳಗಲ ತೂರಿಸಿ, ಕೆಲವು ಸುತ್ತು ತಿರುಗಿಸಿ ಹೊರತೆಗೆದು ಟ್ಯೂಬಿಗೆ ಹಾಕಿದರೆ ಆಯಿತು. ವೈದ್ಯರ ಕೈ ಬೇಡ, ಮೇಜಿನ ಮೇಲೆ ಮಲಗಬೇಕಿಲ್ಲ. ಕೋಣೆಯೊಳಗೆ ಅವಳಲ್ಲದೆ ಬೇರೆ ಯಾರೂ ಇರುವುದಿಲ್ಲ.